ರೂಪದ ಹೊಗಳಿಕೆ: ಆಡಿದ ಅರ್ಥ, ಕೇಳಿಸಿದ ಅರ್ಥ

ಒಬ್ಬರ ರೂಪವನ್ನು ಕುರಿತು ಆಡುವ ಮೆಚ್ಚುಮಾತು ಆಡಿದವರ ಇಂಗಿತದಂತೆಯೇ ಕೇಳಿದವರನ್ನು ಮುಟ್ಟುತ್ತದೆಂಬ ನಿಯಮವಿಲ್ಲ. ಹಾಗೆ ಮುಟ್ಟದೆ ಹೋದಾಗ ‘ನಾನು ಒಳ್ಳೆಯ ಅರ್ಥದಲ್ಲಿಯೇ ಹೇಳಿದೆ’ ಎಂಬ ಸಮಜಾಯಿಷಿ ಬರುತ್ತದೆ. ತಪ್ಪೆಲ್ಲ ಕೇಳಿದವರ ಪಾಲಾಗುತ್ತದೆ. ಈ ತೀರ್ಮಾನವನ್ನು ನಮ್ಮ ಕಾವ್ಯಮೀಮಾಂಸೆಯೂ ಒಪ್ಪಲಾರದು.

ವ್ಯಂಗ್ಯಾರ್ಥಕ್ಕೆ ಕಾರಣವಾಗುವ ಅಂಶಗಳನ್ನು ಎಣಿಸುವಾಗ ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ವಕ್ತೃವಿನ ಜೊತೆಗೇ ಬೋದ್ಧವ್ಯನನ್ನೂ ಕಾಕುವನ್ನೂ ದೇಶಕಾಲಗಳನ್ನೂ ಹೇಳುತ್ತಾನೆ. ಎಂದರೆ, ಅರ್ಥವು ಆಡಿದವನೊಬ್ಬನ ಸ್ವತ್ತಲ್ಲ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎಂಬ ವಾಕ್ಯದಲ್ಲಿ ಹೊಗಳಿಕೆಯಿರುವುದು ‘ಲಕ್ಷಣ’ದಲ್ಲಿ, ಹುಡುಗಿಗೆ ಕೇಳಿಸುವುದು ‘ಇದ್ದರೂ’ ಎಂಬುದು. ‘ಇವತ್ತು ಚೆನ್ನಾಗಿ ಕಾಣುತ್ತೀಯ’ ಎಂದಾಗ ‘ನಿನ್ನೆ?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಕೊಣನೂರಿನಂತಹ ಕಾವೇರಿ ತೀರದ ಊರಿನಲ್ಲಿ ಹಿರಿಯರೊಬ್ಬರು ‘ಮೈಕೈ ತುಂಬ್ಕೊಂಡಿದ್ದೀಯ ಕಣವ್ವ’ ಎಂದರೆ ಅದು ಉಂಡು ಸುಖವಾಗಿರುವುದನ್ನು ಕಂಡ ಸಂತೋಷ. ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ ಅದು ತೂಕದ ಟೀಕೆ. ಎಳೆಗೂಸನ್ನು ಬಾಯ್ತುಂಬ ಹೊಗಳಿದರೆ ತಾಯಿ ದೃಷ್ಟಿ ತೆಗೆಯುತ್ತಾಳೆ. ರೂಪಪ್ರಶಂಸೆ ನಿರಪಾಯವಲ್ಲವೆಂಬುದನ್ನು ನಮ್ಮ ಮನೆಗಳು ಎಂದೋ ಅರಿತಿದ್ದವು.

‘ವಡ್ಡಾರಾಧನೆ’ಯ ಓದುಗರಿಗೆ ಸನತ್ಕುಮಾರ ಚಕ್ರವರ್ತಿ ಪರಿಚಿತ. ಜೈನ ಕಥಾಪರಂಪರೆಯಲ್ಲಿ ಅವನ ರೂಪವನ್ನು ದೇವೇಂದ್ರನೇ ಹೊಗಳುತ್ತಾನೆ. ಪರೀಕ್ಷಿಸಲು ಬಂದ ದೇವತೆಗಳು ಅಲಂಕಾರವಿಲ್ಲದ ಅವನನ್ನು ಕಂಡೇ ಬೆರಗಾಗುತ್ತಾರೆ. ಚಕ್ರವರ್ತಿ ಆ ಬೆರಗನ್ನು ತನ್ನ ಒಡೆತನಕ್ಕೆ ಸಂದ ಕಪ್ಪವೆಂದು ತಿಳಿದು, ಅಲಂಕೃತನಾಗಿ ಸಭೆಯಲ್ಲಿ ಕುಳಿತಾಗ ನೋಡಿರೆನ್ನುತ್ತಾನೆ. ಮತ್ತೆ ಬಂದವರು ರೂಪವು ಆಗಲೇ ಕುಂದಿದೆಯೆಂದು ಖೇದಗೊಳ್ಳುತ್ತಾರೆ. ಇಲ್ಲಿ ಹೊಗಳಿಕೆ ನಿಜವೇ ಆಗಿತ್ತು. ಅದು ಕ್ಷಣದ್ದು ಎಂಬುದನ್ನು ಕೇಳಿದವನು ಗ್ರಹಿಸಲಿಲ್ಲ. ಆ ಅರಿವೇ ಅವನನ್ನು ವೈರಾಗ್ಯಕ್ಕೆ ಕರೆದೊಯ್ಯುತ್ತದೆ. ತಪ್ಪುಗ್ರಹಿಕೆ ನಿಂದೆಯ ಕಡೆಗೆ ಮಾತ್ರವಲ್ಲ, ಅಹಂಕಾರದ ಕಡೆಗೂ ಹೊರಳಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಇದಕ್ಕೆ ಪ್ರತಿಯಾಗಿ ನಮ್ಮ ಜಿಲ್ಲೆಯ ಶ್ರವಣಬೆಳಗೊಳದಲ್ಲಿರುವ, ಸು. 1180ರ ಬೊಪ್ಪಣ ಪಂಡಿತನ ಶಾಸನವನ್ನು ನೋಡಬಹುದು. ಎತ್ತರವಿದ್ದಲ್ಲಿ ಸೌಂದರ್ಯವಿರದು, ಎರಡೂ ಇದ್ದಲ್ಲಿ ಅತಿಶಯವಿರದು. ಗೊಮ್ಮಟನಲ್ಲಿ ಮೂರೂ ನೆಲೆಸಿವೆ ಎಂಬುದು ಅದರ ಪ್ರಸಿದ್ಧ ಭಾವ. ದಿಗಂಬರ ಮೂರ್ತಿಯೊಂದರ ದೇಹಸೌಂದರ್ಯವನ್ನು ಇಷ್ಟು ನೇರವಾಗಿ ಹೊಗಳಿದರೂ ಅಪಾರ್ಥಕ್ಕೆ ಎಡೆಯಿಲ್ಲ. ಕಲ್ಲಿಗೆ ಕಿವಿಯಿಲ್ಲ ಎನ್ನಬಹುದು. ಆದರೆ ಶಾಸನವನ್ನು ಓದುವವರು ಮನುಷ್ಯರೇ. ಕವಿಯ ಹೊಗಳಿಕೆ ಮರಳಿ ಏನನ್ನೂ ಬೇಡುವುದಿಲ್ಲ, ರೂಪವನ್ನು ಗುಣದಿಂದ ಬೇರ್ಪಡಿಸುವುದೂ ಇಲ್ಲ. ಅದರ ಶುದ್ಧಿಯ ಗುಟ್ಟು ಇಲ್ಲಿದೆ.

ತರಗತಿಯಲ್ಲಿ ಈ ವಿವೇಕ ಇನ್ನೂ ಅಗತ್ಯ. ಅಂಕ ನೀಡುವ ಅಧ್ಯಾಪಕನೂ ಪ್ರಬಂಧಕ್ಕೆ ಸಹಿ ಹಾಕುವ ಮಾರ್ಗದರ್ಶಕನೂ ಸಮಾನ ವಕ್ತೃಗಳಲ್ಲ. ಅವರು ವಿದ್ಯಾರ್ಥಿನಿಯ ಸೀರೆಯನ್ನೋ ನಗುವನ್ನೋ ಮೆಚ್ಚಿದರೆ ಆಕೆ ಆ ಮಾತಿನಲ್ಲಿ ಅಧಿಕಾರದ ಧ್ವನಿಯನ್ನು ಕೇಳಿದರೆ ಅದನ್ನು ತಪ್ಪುಗ್ರಹಿಕೆ ಎನ್ನಲಾಗದು. ಸಂದರ್ಭವನ್ನು ಬಲ್ಲ ಸಹೃದಯಳ ಓದು ಅದು. ಕೆಲಸದ ಸ್ಥಳದ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ಲೈಂಗಿಕ ಛಾಯೆಯ ಮಾತುಗಳನ್ನು ಹೆಸರಿಸುವಾಗ, ಕೇಳಿದವಳಿಗೆ ಅದು ಬೇಡವಾಗಿತ್ತೇ ಎಂಬುದಕ್ಕೆ ಮಹತ್ತ್ವ ಕೊಡುತ್ತದೆ. ಪ್ರತಿಯೊಂದು ಮೆಚ್ಚುಮಾತೂ ಅಪರಾಧವೆಂದಲ್ಲ. ಹಾಗೆಂದುಕೊಂಡರೆ ಸ್ನೇಹವೇ ಬಡವಾದೀತು. ಆದರೆ ಯಾರ ಕೈಯಲ್ಲಿ ಅಧಿಕಾರವಿದೆಯೋ ಧ್ವನಿಯ ಹೊಣೆಯೂ ಅವರದೇ. ವಿದ್ಯಾರ್ಥಿನಿಯ ಬರಹವನ್ನು ಮನಸಾರೆ ಮೆಚ್ಚಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅಧ್ಯಾಪಕರು ಮೊದಲು ಅವುಗಳನ್ನು ಬಳಸಲಿ.