ದಯೆಗೂ ಶಿಕ್ಷಣ ಬೇಕು

ಗೋಶಾಲೆಯ ಲೆಕ್ಕ ಬರೆಯುವವನು ಕಲಿತವನಾಗಿರಬೇಕೆಂದು ಪಟ್ಟುಹಿಡಿಯುವ ನಮ್ಮ ಟ್ರಸ್ಟುಗಳು, ಮೂಕಜೀವಗಳನ್ನು ಕಾಯುವವನಿಗೆ ಕಲಿಕೆ ಬೇಡವೆನ್ನುವುದೇಕೆ? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧನವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ. ಸ್ಥಳಕ್ಕೆ ಮೀರಿ ಪಶುಗಳನ್ನು ತುಂಬುವುದು, ಹೊಸದಾಗಿ ಬಂದ ರೋಗಪೀಡಿತ ಪಶುವನ್ನು ಮಂದೆಯೊಡನೆ ಕಟ್ಟುವುದು ಪ್ರಮಾದದಿಂದಾಗುವ ಹಿಂಸೆಯೇ ಸರಿ. ಅಮೆರಿಕದಲ್ಲಿ ಪ್ರಾಣಿಗಳ ಆಶ್ರಯಧಾಮಗಳ ಪಶುವೈದ್ಯರ ಸಂಘವು 2010ರಲ್ಲಿ ಆರೈಕೆಯ ಮಾನದಂಡಗಳನ್ನು ಪ್ರಕಟಿಸಿ, 2022ರಲ್ಲಿ ಪರಿಷ್ಕರಿಸಿತು. ಸಾಮರ್ಥ್ಯಕ್ಕೆ ಮೀರಿ ಪ್ರಾಣಿಗಳನ್ನು ಸೇರಿಸಬಾರದೆಂದು ಅದು ವಿಧಿಸುತ್ತದೆ. 1866ರಲ್ಲಿ ಸ್ಥಾಪಿತವಾದ ಅಲ್ಲಿನ ಎ.ಎಸ್.ಪಿ.ಸಿ.ಎ. ಸಂಸ್ಥೆಯು ಇಂಥ ಧಾಮಗಳ ಸಿಬ್ಬಂದಿಗೆ ಅಂತರ್ಜಾಲದಲ್ಲಿ ಉಚಿತ ಪಾಠಗಳನ್ನು ಒದಗಿಸುತ್ತಿದೆ. ಅವು ಬಹುಪಾಲು ನಾಯಿ-ಬೆಕ್ಕುಗಳಿಗಾಗಿ ರಚಿತವಾದರೂ, ಪ್ರತ್ಯೇಕವಾಸ, ಶುಚಿತ್ವ, ಸ್ಥಳಮಿತಿಗಳ ತತ್ತ್ವ ಗೋವಿಗೂ ಒಂದೇ. ಅಮೃತಶಿಲೆಯ ದಾನಫಲಕಗಳಿಗೆ ವ್ಯಯವಾಗುವ ಹಣದಲ್ಲಿ ಒಂದಂಶವನ್ನು ಕನ್ನಡ ಪಾಠಗಳಿಗೂ ಗೋಪಾಲಕರ ತರಬೇತಿಗೂ ಮೀಸಲಿಡಲು ಧರ್ಮದರ್ಶಿಗಳು ಮುಂದಿನ ಸಭೆಯಲ್ಲಿಯೇ ನಿರ್ಣಯಿಸಲಿ.