ನಾಡಪಿಸ್ತೂಲು ಯಾರ ಗೆಳೆಯ?

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೆಸರು ಪತ್ರಿಕೆಗಳಲ್ಲಿ ಬರುವುದಾದರೆ ತೊಗರಿಯ ಧಾರಣೆಗಾಗಿ ಬರಬೇಕು, ಭೀಮಾ-ಅಮರ್ಜಾ ನೀರಿಗಾಗಿ ಬರಬೇಕು. ಆದರೆ "ಭೀಮಾ ತೀರ" ಎಂದರೆ ನಾಡಪಿಸ್ತೂಲು ಎಂಬ ಅಪಕೀರ್ತಿ ಈ ನೆಲಕ್ಕೆ ಅಂಟಿಕೊಂಡಿದೆ. ಪೊಲೀಸರು ಹಿಡಿಯುತ್ತಾರೆ, ಮೇಜಿನ ಮೇಲೆ ಜೋಡಿಸಿ ಫೋಟೋ ತೆಗೆಸುತ್ತಾರೆ. ಕೆಲದಿನ ಕಳೆದರೆ ಮತ್ತದೇ ಕಥೆ.

ಗಿರಣಿಯ ತರುಣರೂ ಹಫ್ತಾ ಕೊಟ್ಟು ಬೇಸತ್ತ ಸಣ್ಣ ವ್ಯಾಪಾರಿಗಳೂ ಕೇಳುವುದುಂಟು: "ಧಣಿಯ ಸೊಂಟದಲ್ಲಿ ಲೈಸೆನ್ಸಿನ ರಿವಾಲ್ವರ್ ಇದೆ, ನಮ್ಮ ಹತ್ತಿರವೂ ಒಂದು ಇದ್ದರೆ ತಪ್ಪೇನು?" ಸಿಟ್ಟು ನ್ಯಾಯವಾದುದೇ. ಆದರೆ ಉತ್ತರಕ್ಕೆ ನೀತಿಬೋಧೆ ಬೇಡ, ಕಬ್ಬಿಣವನ್ನೇ ಕೇಳೋಣ.

ಸರಕಾರಿ ಕಾರ್ಖಾನೆಯ ರಿವಾಲ್ವರು ಹೊರಬೀಳುವ ಮೊದಲು, ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟೆ ಹಾರಿಸಿ ಅದರ ನಳಿಗೆಯನ್ನು ಪರೀಕ್ಷಿಸುತ್ತಾರೆ. ನಾಡಪಿಸ್ತೂಲಿಗೆ ಆ ಪರೀಕ್ಷೆ ನಡೆಯುವುದು ಕೊಂಡವನ ಅಂಗೈಯಲ್ಲಿ! 0.315 ತೋಟೆ ರೈಫಲ್ಲಿಗಾಗಿ ಮಾಡಿದ್ದು. ಪಿಸ್ತೂಲಿನ ತೋಟೆಗಿಂತ ಅದರಲ್ಲಿ ಮದ್ದು ಬಹಳ ಹೆಚ್ಚು. ಅದನ್ನು ತೆಳು ಕೊಳವೆಯ ಪಿಸ್ತೂಲಿಗೆ ತುರುಕಿದರೆ ಮೊದಲು ಹಾರುವುದು ಹಿಡಿದವನ ಬೆರಳು. 0.32 ರಿವಾಲ್ವರಿನ ತೋಟೆ, 7.65 ಮಿ.ಮೀ. ಪಿಸ್ತೂಲಿನ ತೋಟೆ, ಹೆಸರಿಗೆ ಎರಡೂ ಮೂವತ್ತೆರಡೇ. ಆದರೆ ಆಕಾರ ಬೇರೆ, ಒತ್ತಡ ಬೇರೆ. ಅದಲುಬದಲಾದರೆ ಅಪಾಯ ತಪ್ಪಿದ್ದಲ್ಲ. ತೇವ ತಿಂದ ಹಳೆಯ ತೋಟೆ ಇನ್ನೂ ಕಪಟಿ. ಟ್ರಿಗರ್ ಎಳೆದಾಗ ಸುಮ್ಮನಿದ್ದು, ಏನಾಯಿತೆಂದು ತಿರುಗಿಸಿ ನೋಡುವಷ್ಟರಲ್ಲಿ ಹಾರಬಲ್ಲದು. ಮದ್ದು ಅರೆಬರೆ ಉರಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ತಿಳಿಯದೆ ಇನ್ನೊಂದು ಹಾರಿಸಿದರೆ ನಳಿಗೆಯೇ ಸೀಳಬಹುದು.

ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟುಕೊಳ್ಳುತ್ತೇನೆನ್ನುವ ವ್ಯಾಪಾರಿಯೂ ಕೇಳಲಿ. ಲೋಹದ ಕವಚವಿರುವ ಗುಂಡು ಅಂಗಡಿಯ ತಗಡನ್ನು ತೂರಿ ನೆರೆಯವನ ಮಗುವಿಗೆ ತಗಲಬಹುದು. ಕವಚವಿಲ್ಲದ ಸೀಸದ ಗುಂಡು ಮೆತ್ತಗಿರುವುದರಿಂದ ಮೈಯೊಳಗೆ ಚಪ್ಪಟೆಯಾಗಿ ಗಾಯವನ್ನು ದೊಡ್ಡದು ಮಾಡಬಹುದು. ಸುರಕ್ಷಿತ ಗುಂಡೆಂಬುದು ಮಾರುವವನ ಮಾತಿನಲ್ಲಿ ಮಾತ್ರ ಇದೆ.

ಹಾಗಾದರೆ ನಾಡಪಿಸ್ತೂಲು ಎಂದೂ ಕೆಲಸ ಮಾಡುವುದಿಲ್ಲವೇ? ಮಾಡುತ್ತದೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಮನೆಯಲ್ಲಿ ಮಾಡಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಮನೆಯೆದುರು ಮಾಡಿತು. ಎರಡೂ ಕಡೆ ಹಾರಿದ್ದು ಒಂದೇ 7.65 ಮಿ.ಮೀ. ನಾಡಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಅರ್ಥವಾಯಿತೇ, ಬಂಧುಗಳೇ? ಹಣ, ತಾಲೀಮು, ತಂಡ ಇದ್ದವರಿಗೆ ಅದು ದುಡಿಯುತ್ತದೆ. ಸತ್ಯ ಹೇಳುವವರ ಬಾಯಿ ಮುಚ್ಚಿಸುತ್ತದೆ. ಒಂಟಿ ಬಡವನಿಗೆ ಅದು ಕೈ ಕೊಡುವುದಿಲ್ಲ, ಕೈಯನ್ನೇ ತೆಗೆದುಕೊಳ್ಳುತ್ತದೆ.

ಕೈ ಉಳಿದರೂ ಜೇಲು ತಪ್ಪದು. 1959ರ ಶಸ್ತ್ರಾಸ್ತ್ರ ಕಾಯಿದೆಗೆ 2019ರಲ್ಲಾದ ತಿದ್ದುಪಡಿಯಂತೆ, ಪರವಾನಗಿಯಿಲ್ಲದೆ ಇಟ್ಟುಕೊಂಡವನಿಗೆ 2ರಿಂದ 5 ವರ್ಷ ಸಜೆ; ತಯಾರಿಸಿ ಮಾರಿದವನಿಗೆ 7 ವರ್ಷದಿಂದ ಜೀವಾವಧಿ. ಕಾಯಿದೆಗೆ ದೊಡ್ಡ ಅಪರಾಧಿ ಯಾರೆಂದು ಗೊತ್ತಿದೆ. ಸರಕಾರಕ್ಕೆ ಗೊತ್ತಿಲ್ಲವೇ? ಮಧ್ಯಪ್ರದೇಶದ ಖರಗೋನ, ಧಾರ, ಬಡವಾನಿ ಜಿಲ್ಲೆಗಳ ಕಳ್ಳ ಕುಲುಮೆಗಳ ಮೇಲೆ ಎಷ್ಟು ಸಲ ದಾಳಿಯಾಗಿಲ್ಲ! ಅಂಥ ಮಾಲು ನಮ್ಮ ಹಳ್ಳಿಗೆ ತಾನಾಗಿ ನಡೆದು ಬರುತ್ತದೆಯೇ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ತನಿಖೆ ಕೊಂಡ ಹುಡುಗನಲ್ಲಿಗೇ ನಿಲ್ಲಬಾರದು. ತಂದವನು, ಮಾರಿದವನು, ಹಿಂದೆ ನಿಂತು ಹಣ ಕೊಟ್ಟ ಧಣಿ ಎಲ್ಲರೂ ಕಟಕಟೆಗೆ ಬರಬೇಕು. ಹಫ್ತಾ ವಸೂಲಿಯ ದೂರು ಕೊಟ್ಟ ವ್ಯಾಪಾರಿಗೆ ರಕ್ಷಣೆ ಬೇಕು. ಪಿಸ್ತೂಲು ಹಿಡಿಯುವ ವಯಸ್ಸಿನ ಕೈಗಳಿಗೆ ಕೆಲಸ ಬೇಕು.

ಗಿರಣಿಯಲ್ಲಿ ಒಬ್ಬನನ್ನು ಧಣಿ ಹೆದರಿಸಬಲ್ಲ, ಸಂಘವನ್ನಲ್ಲ. ಬಜಾರದಲ್ಲಿ ಒಂದು ಅಂಗಡಿಯಿಂದ ಗೂಂಡಾ ಹಫ್ತಾ ಎತ್ತಬಲ್ಲ, ಒಟ್ಟಾಗಿ ಬಾಗಿಲು ಹಾಕಿದ ಬಜಾರದಿಂದಲ್ಲ. ಈ ಆಯುಧಕ್ಕೆ ಲೈಸೆನ್ಸ್ ಬೇಕಿಲ್ಲ, ತೋಟೆ ಬೇಕಿಲ್ಲ. ಹಿಡಿದವನ ಕೈಯಲ್ಲಿ ಇದು ಸಿಡಿಯುವುದೂ ಇಲ್ಲ!