ವಿಪತ್ತಿನಲ್ಲಿ ದುಡಿದವರಿಗೆ ಪುನರ್ನಿರ್ಮಾಣದಲ್ಲಿ ಸ್ಥಾನವೆಲ್ಲಿ?

ವಿಪತ್ತು ಎರಗಿದಾಗ ಸಮಾಜವು ಮಹಿಳೆಯನ್ನು ನೆನಪಿಸಿಕೊಳ್ಳುತ್ತದೆ. ಗಂಜಿ ಕೇಂದ್ರದಲ್ಲಿ ಅಡುಗೆ ಮಾಡಲು, ರೋಗಿಯ ಮನೆಬಾಗಿಲಿಗೆ ಹೋಗಿ ವಿಚಾರಿಸಲು, ಕೆಸರು ತುಂಬಿದ ಮನೆಯನ್ನು ತೊಳೆಯಲು ಆಕೆ ಬೇಕು. ಆದರೆ ನೀರು ಇಳಿದು, ರೋಗ ಶಮನಗೊಂಡು, ಪರಿಹಾರದ ಹಣವನ್ನು ಹಂಚುವ ಮತ್ತು ಹೊಸ ಮನೆಗಳ ನಕ್ಷೆ ಸಿದ್ಧಪಡಿಸುವ ಸಮಯ ಬಂದಾಗ ಸಭೆಯಲ್ಲಿ ಕುಳಿತು ತೀರ್ಮಾನ ಕೈಗೊಳ್ಳುವವರು ಯಾರು? ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಎತ್ತಿಕೊಳ್ಳಬೇಕಾಗಿದೆ.

ನೆರೆಯ ಕೇರಳವು ಎರಡು ವರ್ಷಗಳ ಅಂತರದಲ್ಲಿ ಎರಡು ಮಹಾವಿಪತ್ತುಗಳನ್ನು ಕಂಡಿತು. 2018ರ ಆಗಸ್ಟ್‌ನ ಪ್ರವಾಹದಲ್ಲಿ ನಾನೂರಕ್ಕೂ ಅಧಿಕ ಮಂದಿ ಪ್ರಾಣ ಕಳೆದುಕೊಂಡರು. ಹತ್ತು ಲಕ್ಷಕ್ಕೂ ಹೆಚ್ಚು ಜನರು ಪರಿಹಾರ ಶಿಬಿರಗಳನ್ನು ಸೇರಿದರು. ಆಗ ಮನೆ, ಶಾಲೆಗಳ ಕೆಸರನ್ನು ತೊಳೆಯಲು ಗುಂಪು ಗುಂಪಾಗಿ ಇಳಿದವರಲ್ಲಿ ಕುಟುಂಬಶ್ರೀಯ ಮಹಿಳೆಯರು ಪ್ರಮುಖರು. ಪಾತ್ರೆ, ಹಾಸಿಗೆ, ಒಲೆ ಎಲ್ಲವನ್ನೂ ಕಳೆದುಕೊಂಡ ಕುಟುಂಬಗಳಿಗೆ ಒಂದು ಲಕ್ಷ ರೂಪಾಯಿವರೆಗಿನ ಬಡ್ಡಿರಹಿತ ಸಾಲವನ್ನು ಸರಕಾರವು ಈ ಕೂಟಗಳ ಮೂಲಕವೇ ತಲುಪಿಸಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ಕೆಲವೇ ದಿನಗಳಲ್ಲಿ ಸಾವಿರಕ್ಕೂ ಅಧಿಕ ಸಾಮುದಾಯಿಕ ಅಡುಗೆಮನೆಗಳು ತೆರೆದವು. ಅಲ್ಲಿಯೂ ಸೌಟು ಹಿಡಿದವರು ಇದೇ ಮಹಿಳೆಯರು. ಮಾಸ್ಕ್ ಹೊಲಿದವರೂ ಅವರೇ.

ಇಷ್ಟು ಶೀಘ್ರವಾಗಿ ಇದು ಸಾಧ್ಯವಾದದ್ದು ಹೇಗೆ? 1998ರಲ್ಲಿ ಮಲಪ್ಪುರಂನಲ್ಲಿ ಉದ್ಘಾಟನೆಗೊಂಡ ಕುಟುಂಬಶ್ರೀ ಯೋಜನೆಗೆ ಪ್ರವಾಹದ ವೇಳೆಗೆ ಇಪ್ಪತ್ತು ವರ್ಷ ತುಂಬಿತ್ತು. ಹತ್ತಿಪ್ಪತ್ತು ಮಹಿಳೆಯರು ಸೇರಿದ ಅಯಲ್‌ಕೂಟ್ಟಂ, ಅಂದರೆ ನೆರೆಹೊರೆಯ ಕೂಟ; ಅದರ ಮೇಲೆ ವಾರ್ಡ್ ಮಟ್ಟದ ಸಮಿತಿ; ಅದರ ಮೇಲೆ ಪಂಚಾಯತ್ ಮಟ್ಟದ ಸಂಘ. ವಾರಕ್ಕೊಮ್ಮೆ ಸಭೆ ಸೇರುವುದು, ಅಲ್ಪ ಮೊತ್ತವನ್ನು ಉಳಿತಾಯ ಮಾಡುವುದು, ಲೆಕ್ಕ ಬರೆಯುವುದು, ತಮ್ಮ ಪದಾಧಿಕಾರಿಗಳನ್ನು ತಾವೇ ಆರಿಸುವುದು - ಈ ಅಭ್ಯಾಸವು ಮೊದಲೇ ಬೇರೂರಿತ್ತು. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧೆಯಿದ್ದಾಳೆ, ಯಾವ ಮನೆಯಲ್ಲಿ ದುಡಿಯುವ ಗಂಡಸಿಲ್ಲ ಎಂಬುದನ್ನು ಅವರು ಕಡತ ನೋಡಿ ತಿಳಿಯಬೇಕಿರಲಿಲ್ಲ. ನಾಯಕತ್ವವು ವಿಪತ್ತಿನ ದಿನ ದಿಢೀರನೆ ಹುಟ್ಟುವುದಿಲ್ಲ. ಅದನ್ನು ಶಾಂತಿಯ ದಿನಗಳಲ್ಲಿ ಬೆಳೆಸಬೇಕಾಗುತ್ತದೆ.

ಆದರೆ ಚಿತ್ರದ ಇನ್ನೊಂದು ಮಗ್ಗುಲನ್ನೂ ನಾವು ನೋಡಬೇಕು. ಕೋವಿಡ್ ನಡುವೆಯೇ 2021ರಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಇದೇ ಕೇರಳವು 140 ಮಂದಿ ಶಾಸಕರನ್ನು ಆರಿಸಿದಾಗ ಅವರಲ್ಲಿ ಮಹಿಳೆಯರು ಕೇವಲ 11. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮೀಸಲಿಟ್ಟ ರಾಜ್ಯದ ಸ್ಥಿತಿ ಇದು. 2025ರ ಫೆಬ್ರವರಿಯಲ್ಲಿ ಅಲ್ಲಿನ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸುವಂತೆ ಕೋರಿ ತಿರುವನಂತಪುರದ ಸಚಿವಾಲಯದ ಮುಂದೆ ಧರಣಿ ಕುಳಿತರು. ಅದು ತಿಂಗಳುಗಟ್ಟಲೆ ಮುಂದುವರಿಯಿತು.

ನಮ್ಮ ರಾಜ್ಯದ ಸ್ಥಿತಿ ಭಿನ್ನವೇನಲ್ಲ. ಸೋಂಕು ಏರುತ್ತಿದ್ದ 2020ರ ಜುಲೈಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಮಾಸಿಕ 12 ಸಾವಿರ ರೂಪಾಯಿ ಮತ್ತು ಸುರಕ್ಷಾ ಸಾಧನಗಳಿಗಾಗಿ ಮುಷ್ಕರ ಹೂಡಬೇಕಾಯಿತು. 2022ರ ಮೇಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿಯಿಂದ ಗೌರವಿಸಿತು. ವಿಪರ್ಯಾಸವೆಂದರೆ, ಜಗತ್ತು ಪ್ರಶಸ್ತಿ ನೀಡಿದ ಈ ದುಡಿಮೆಯನ್ನು ಸರಕಾರದ ದಾಖಲೆಯು ಸ್ವಯಂಸೇವೆಯೆಂದು ಕರೆಯುತ್ತದೆ. ಪಡೆಯುವುದು ಗೌರವಧನ, ವೇತನವಲ್ಲ. ಸೇವೆ ಎಂಬ ಸುಂದರ ಪದವು ಹಕ್ಕನ್ನು ನಿರಾಕರಿಸುವ ನೆಪವಾಗಬಾರದು.

ಕಾನೂನಿನಲ್ಲಿಯೂ ಈ ಕೊರತೆ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರದಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ವೈದ್ಯಾಧಿಕಾರಿ ಮುಂತಾದವರು ಹುದ್ದೆಯ ಬಲದಿಂದ ಸದಸ್ಯರಾಗುತ್ತಾರೆ. ಮಹಿಳೆಯರಿಗೆಂದು ಕಾದಿರಿಸಿದ ಸ್ಥಾನ ಆ ಪಟ್ಟಿಯಲ್ಲಿಲ್ಲ. ಶಿಬಿರದಲ್ಲಿ ಶೌಚಾಲಯ ಎಲ್ಲಿರಬೇಕು, ಗರ್ಭಿಣಿಯರಿಗೆ ಔಷಧಿ ಹೇಗೆ ತಲುಪಬೇಕು, ಮರಳಿ ಕಟ್ಟುವ ಮನೆ ಯಾರ ಹೆಸರಿನಲ್ಲಿರಬೇಕು ಎಂಬುದನ್ನು ಆ ಸಂಕಷ್ಟ ಅನುಭವಿಸಿದವರನ್ನು ಕೇಳದೆ ತೀರ್ಮಾನಿಸುವುದು ಸರಿಯೇ?

ಮಹಿಳೆಗೆ ಸ್ಥಾನ ಕೊಟ್ಟರೂ ಅಧಿಕಾರ ಚಲಾಯಿಸುವವರು ಪತಿಯೋ ಸಹೋದರನೋ ಆಗಿರುತ್ತಾರೆ ಎಂಬ ಆಕ್ಷೇಪವಿದೆ. ಹಲವು ಪಂಚಾಯತ್‌ಗಳಲ್ಲಿ ಇದು ನಿಜವೂ ಹೌದು. ಆದರೆ ಇದಕ್ಕೆ ಪರಿಹಾರ ಸ್ಥಾನವನ್ನು ಕಿತ್ತುಕೊಳ್ಳುವುದಲ್ಲ, ತರಬೇತಿ ನೀಡುವುದು ಮತ್ತು ಹಣಕಾಸಿನ ಅಧಿಕಾರವನ್ನು ನೇರವಾಗಿ ಆಕೆಯ ಕೈಗೆ ಕೊಡುವುದು. ಅಯಲ್‌ಕೂಟ್ಟಂಗಳು ಕಲಿಸುವ ಪಾಠವೂ ಇದೇ ಆಗಿದೆ.

ಹವಾಮಾನ ಬದಲಾವಣೆಯ ಈ ಕಾಲದಲ್ಲಿ ಪ್ರವಾಹ, ಭೂಕುಸಿತಗಳು ಇನ್ನು ಅಪರೂಪದ ಘಟನೆಗಳಲ್ಲ. 2018ರಲ್ಲಿ ಕೊಡಗು, 2024ರಲ್ಲಿ ವಯನಾಡು ಅದನ್ನು ಸಾರಿ ಹೇಳಿವೆ. ಆದ್ದರಿಂದ ಸರಕಾರವು ಕಾಯ್ದೆ ತಿದ್ದುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ನಮ್ಮ ಪಟ್ಟಣಗಳಲ್ಲಿ, ಮೊಹಲ್ಲಾಗಳಲ್ಲಿ ಪರಿಹಾರ ಸಮಿತಿಗಳಿವೆ. ಅವುಗಳ ಪದಾಧಿಕಾರಿಗಳ ಪಟ್ಟಿಯಲ್ಲಿ ಎಷ್ಟು ಮಂದಿ ಮಹಿಳೆಯರಿದ್ದಾರೆ? ಬ್ಯಾಂಕ್ ಖಾತೆಗೆ ಸಹಿ ಹಾಕುವವರಲ್ಲಿ ಒಬ್ಬಳಾದರೂ ಇದ್ದಾಳೆಯೇ? ಮುಂದಿನ ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಸಮಿತಿಯೂ ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ. ಅಡುಗೆಯ ಹೊಣೆಯನ್ನು ವಹಿಸುವಷ್ಟೇ ನಂಬಿಕೆಯಿಂದ ಲೆಕ್ಕಪುಸ್ತಕವನ್ನೂ ಅವರ ಕೈಗೆ ಒಪ್ಪಿಸೋಣ.